ಸುಲಿಯದ ಕೈಯ ಗಂಟು

ತಿಮ್ಮರಾಜುವಿನ ಮನೆತನದ ಗಂಡಸರ ಬೆರಳ ಗೆಣ್ಣುಗಳ ಮೇಲೆ ಗಂಟುಗಳಿರುತ್ತವೆ. ತೆಂಗಿನಕಾಯಿ ಸುಲಿದು ಸುಲಿದು ಬಂದದ್ದು ಎಂದು ಹಂದನಕೆರೆ ಊರೆಲ್ಲ ನಂಬಿತ್ತು. ಆ ಕೈಗಳು ನಲವತ್ತು ದಾಟುವ ಮೊದಲೇ ಸಾವಿನಲ್ಲಿ ತಣ್ಣಗಾಗುತ್ತಿದ್ದವು. ಅದಕ್ಕೇನಂತೆ, ಹಣೆಬರಹ ಎಂದರೆ ಮುಗಿಯಿತಲ್ಲ!

ಅಂಥದೇ ಹಳದಿ ಗಂಟುಗಳು ಒಂಬತ್ತು ವರ್ಷದ ಮಗಳು ಯೋಗಿತಾಳ ಮೊಣಕೈ ಮೇಲೂ ಎದ್ದಾಗ ಅವನ ಹೆಂಡತಿ ಆಶಾ ಬೆಚ್ಚಿದಳು. ಈ ಕೂಸು ಯಾವ ಕಾಯಿ ಸುಲಿದಿತ್ತು? ತಿಪಟೂರಿಗೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಳು. ನೂರರ ಆಸುಪಾಸಿನಲ್ಲಿರಬೇಕಾದ ಕೆಟ್ಟ ಕೊಲೆಸ್ಟ್ರಾಲ್ ಐನೂರ ಹತ್ತು ಇತ್ತು.

"ತಿಂದು ಬಂದಿದ್ದಲ್ಲಮ್ಮ, ಹುಟ್ಟಿನಿಂದ ಬಂದಿದ್ದು. ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ," ಎಂದರು ಡಾಕ್ಟರು. ನಾಳೆಯೇ ಬೆಂಗಳೂರಿನಲ್ಲಿ ಹೃದಯದ ತಪಾಸಣೆ, ಆಮೇಲೆ ಮಾತ್ರೆ. ತಡಮಾಡಿದರೆ ಎಳೆ ವಯಸ್ಸಲ್ಲೇ ಹೃದಯ ಕೈಕೊಡಬಹುದು ಎಂದೂ ಹೇಳಿದರು. ಆಶಾ ಕೈಹಿಡಿದದ್ದು ಸ್ವಂತ ಸೋದರಮಾವನನ್ನು. ಮಗಳಿಗೆ ಎರಡೂ ಕಡೆಯಿಂದ ಹರಿದದ್ದು ಒಂದೇ ಮನೆಯ ರಕ್ತ.

ಮರುದಿನ ಬೆಳಗ್ಗೆ, ಬೆಂಗಳೂರಿನ ಬಸ್ಸಿಗೆ ಇನ್ನು ಕಾಲು ಗಂಟೆ. ಮಗಳ ಕೈ ಹಿಡಿದು ಹೊರಟವಳಿಗೆ ತಿಮ್ಮರಾಜು ಅಂಗಳದಲ್ಲೇ ಅಡ್ಡ ನಿಂತ.

"ಎಳೇ ಮಗೀಗೆ ಹಾರ್ಟಿನ ಮಾತ್ರೆ ನುಂಗಿಸ್ತೀಯೇನೇ? ಊರಿಗೆಲ್ಲ ಗೊತ್ತಾದ್ರೆ ನಾಳೆ ಇವಳನ್ನ ಯಾರು ಮದ್ವೆ ಆಯ್ತಾರೆ? ನನ್ನ ಕೈ ನೋಡು. ನಾನೇನು ಸತ್ತೋಗಿದ್ದೀನಾ?"

"ನಿಂಗೀಗ ಮೂವತ್ತೇಳು ಮಾವ," ಎಂದುಬಿಟ್ಟಳು ಆಶಾ. ಅಂದಮೇಲೆ ನಾಲಿಗೆ ಕಚ್ಚಿಕೊಂಡಳು.

ಅವನು ಕೈಯೆತ್ತಿದ. ಹೊಡೆಯಲಿಲ್ಲ, ಚೀಲ ಕಿತ್ತು ಜಗಲಿಗೆಸೆದ. "ಅವ್ವಾ, ಇದು ಸುಲಿಯೋ ಗಂಟು ಅಂತ ನೀನೇ ಹೇಳು ಇವಳಿಗೆ!"

ಜಗಲಿಯಲ್ಲಿದ್ದ ಹೊಂಬಾಳಮ್ಮ ಆಶಾಳಿಗೆ ಅಜ್ಜಿಯೂ ಹೌದು, ಅತ್ತೆಯೂ ಹೌದು. ಆ ಮನೆಯಲ್ಲಿ ಅವಳ ಮಾತೇ ಮಾತು. ಮುದುಕಿ ಬೇಡವೆಂದರೆ ಮಗಳ ಗತಿ ಮುಗಿಯಿತು ಎಂದುಕೊಳ್ಳುತ್ತಲೇ ಆಶಾ ಚೀಲ ಎತ್ತಿಕೊಂಡಳು.

ಹೊಂಬಾಳಮ್ಮ ಮೊಮ್ಮಗಳನ್ನು ಹತ್ತಿರಕ್ಕೆಳೆದು ಮೊಣಕೈ ಸವರಿದಳು. ಸವರುತ್ತಲೇ ಇದ್ದಳು. ಕೆರೆ ಏರಿಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು.

"ನಿಮ್ಮಣ್ಣಂಗೂ ಮೊಣಕೈಲೇ ಇತ್ತು ಕಣ್ಲಾ," ಎಂದಳು ಕೊನೆಗೆ. "ಹದಿನಾಕು ವರ್ಸಕ್ಕೆ, ಇಸ್ಕೂಲ್ ಬಯಲಲ್ಲಿ ಓಡ್ತಾ ಓಡ್ತಾ ಬಿದ್ದು ಸತ್ತೋದ. ಒಂದು ಕಾಯೂ ಸುಲಿದೋನಲ್ಲ ಅವನು."

"ಮತ್ತೆ ಇಷ್ಟು ದಿನ ಯಾಕೆ ಸುಳ್ಳು ಹೇಳ್ದೆ?" ತಿಮ್ಮರಾಜು ಅವ್ವನ ಕಡೆ ತಿರುಗಿದ.

"ಮನೆತನದ ಕಾಯ್ಲೆ ಅಂದ್ರೆ ನಿಂಗೆ ಹೆಣ್ಣು ಯಾರು ಕೊಡೋರು? ಹೊರಗಿನೋರು ಕೆದಕಿ ಕೇಳ್ತಾರೆ ಅಂತ ಹೆದರ್ಕಂಡು, ಮಗಳ ಮಗಳನ್ನೇ ತಂದ್ಕಂಡೆ."

ಆಶಾಳಿಗೆ ಮೈಯೆಲ್ಲ ಉರಿಯಿತು. ತೊಟ್ಟಿಲಲ್ಲಿ ತೂಗಿದ ಅಜ್ಜಿಯೇ ತನ್ನನ್ನು ಹೀಗೆ ಬಾವಿಗೆ ನೂಕಿದಳಲ್ಲ! ಬಾಯ್ತುಂಬ ಬೈಯಬೇಕೆನಿಸಿತು, ಹೊತ್ತಿರಲಿಲ್ಲ. ತಿಮ್ಮರಾಜು ಆಗಲೇ ಬಸ್ಸು ನಿಲ್ಲಿಸಲು ರಸ್ತೆಗೆ ಓಡುತ್ತಿದ್ದ.

"ಮಾವ, ಓಡಬ್ಯಾಡ!" ಎಂದು ಆಶಾ ಜೀವ ಹೋದಂತೆ ಕಿರುಚಿದಳು.