ಸೇತುವೆ ದಾಟಿಸಿದ ಡ್ರಮ್ಮು

ಮೊದಲೇ ಹೇಳಿಬಿಡುತ್ತೇನೆ, ಈ ಕಥೆಯನ್ನು ನನ್ನಷ್ಟು ಚೆನ್ನಾಗಿ ಹೇಳುವವರು ಇಡೀ ವಿಸ್ಕಾನ್ಸಿನ್ನಿನಲ್ಲಿ ಇಲ್ಲ. ಇದ್ದರೆ ಕರೆದುಕೊಂಡು ಬನ್ನಿ, ಮೈಕು ಅವರ ಕೈಗೆ ಕೊಟ್ಟು ಕೆಳಗಿಳಿಯುತ್ತೇನೆ. ಕೆಸ್ಟರ್ ಫಾಲ್ಸಿನ ಜುಲೈ ನಾಲ್ಕರ ಮೆರವಣಿಗೆಯಲ್ಲಿ ಎಪ್ಪತ್ತರ ಕ್ಲೆಮ್ ಶಿಮೆಕ್, ರಿಪೇರಿಯಾದ ಮಂಡಿ ಇಟ್ಟುಕೊಂಡು, ಎದೆಯ ಮೇಲೆ ದೊಡ್ಡ ಬೇಸ್ ಡ್ರಮ್ ಹೊತ್ತು, ಚರ್ಚಿನ ಬಾಗಿಲಿನಿಂದ ಕಬ್ಬಿಣದ ಸೇತುವೆಯ ಆಚೆ ದಡದವರೆಗೆ ಒಂದು ಹೆಜ್ಜೆ ತಪ್ಪದೆ ನಡೆದ. ಸೂರ್ಯ ನಾಚಿ ಮೋಡದ ಹಿಂದೆ ಹೋದ. ಊರಿಗೆ ಊರೇ ಎದ್ದು ನಿಂತಿತು. ಹೀರೋ ಅಂದರೆ ಅವನು, ಮಿಕ್ಕವರೆಲ್ಲ ಹಿಂದೆ ಕುಣಿಯುವವರು!

ನಂಬಿಕೆ ಬರಲಿಲ್ಲವೇ? ಹಾಗಾದರೆ ಫ್ಲ್ಯಾಶ್‌ಬ್ಯಾಕಿನಿಂದ ಶುರು ಮಾಡೋಣ.

ಒಂದು ಕಾಲದಲ್ಲಿ ನಮ್ಮೂರಿಗೆ ಎರಡೇ ಹೆಮ್ಮೆ. ಒಂದು ನದಿ ದಂಡೆಯ ಕಾಗದದ ಕಾರ್ಖಾನೆ, ಇನ್ನೊಂದು ಹೆರನ್ಸ್, ಅಂದರೆ ಕೊಕ್ಕರೆಗಳು, ಎಂಬ ಡ್ರಮ್ ಕೋರ್. ಕಾರ್ಖಾನೆಯವರ ಮಕ್ಕಳೇ ಸೇರಿ ಮಾಡಿಕೊಂಡ ತಂಡ. ಕಹಳೆ, ಡ್ರಮ್ಮು, ಬಾವುಟ ಹಿಡಿದು, ನುಡಿಸುತ್ತಲೇ ಮೈದಾನದ ತುಂಬ ಚಿತ್ತಾರ ಬಿಡಿಸುತ್ತ ನಡೆಯಬೇಕು. ಟೋಪಿಗೆ ಕೊಕ್ಕರೆಯ ಬೂದು ಗರಿ. ಮೈಗೆ ಉಣ್ಣೆಯ ಕೋಟು, ಅದೂ ಜುಲೈ ಬಿಸಿಲಿನಲ್ಲಿ. ಬೇಸಿಗೆಯೆಲ್ಲ ಹಳೆಯ ಸ್ಕೂಲ್ ಬಸ್ಸಿನಲ್ಲಿ ಊರಿಂದೂರಿಗೆ ಸ್ಪರ್ಧೆಗೆ ಹೋಗುವುದು, ಯಾವುದೋ ಹೈಸ್ಕೂಲಿನ ಜಿಮ್ಮಿನ ನೆಲದ ಮೇಲೆ ಮಲಗುವುದು, ಬೆಳಿಗ್ಗೆ ಎದ್ದು ಕಡಲೆಬೀಜದ ಬೆಣ್ಣೆ ಸವರಿದ ಬ್ರೆಡ್ಡು ತಿನ್ನುವುದು. ಇಪ್ಪತ್ತೊಂದು ದಾಟಿದರೆ ಮುಗಿಯಿತು, ನಿಯಮದ ಪ್ರಕಾರ ನೀನು ಮುದುಕ. ಕೋಟು ಬಿಚ್ಚಿಟ್ಟು ಮನೆಗೆ ನಡಿ.

ಕ್ಲೆಮ್ ಕೋಟು ಬಿಚ್ಚಿಟ್ಟ. ಕಾರ್ಖಾನೆಗೆ ಸೇರಿದ, ಮಾರ್ಲಿಸ್‌ಳನ್ನು ಮದುವೆಯಾದ, ಕಾರ್ಖಾನೆ ಮುಚ್ಚಿದ ಮೇಲೆ ನಿವೃತ್ತನಾದ. ಆದರೆ ಊಟದ ಮೇಜಿನ ಮೇಲೆ ಅವನ ಬೆರಳು ಇವತ್ತಿಗೂ ಸಾವಿರದ ಒಂಬೈನೂರ ಎಪ್ಪತ್ತೆರಡರ ಶೋ ಬಾರಿಸುತ್ತದೆ. ಸಾರು ಚೆಲ್ಲಿ ಮಾರ್ಲಿಸ್ ಬೈಯುವುದೂ ಅಷ್ಟೇ ಹಳೆಯ ಕಾರ್ಯಕ್ರಮ.

ಹೆರನ್ಸ್ ತಂಡ ಮುರಿದು ಬಹಳ ಕಾಲವಾದರೂ, ಹಳೆಯ ಹುಡುಗರು ಪ್ರತಿ ಜುಲೈ ನಾಲ್ಕಕ್ಕೆ ಸೇರಿ ಮೆರವಣಿಗೆಯಲ್ಲಿ ಒಂದು ಸುತ್ತು ನಡೆಯುತ್ತಿದ್ದರು. ಹುಡುಗರು ಎಂದದ್ದು ಮರ್ಯಾದೆಗೆ. ವರ್ಷ ವರ್ಷಕ್ಕೂ ಜನ ಕಮ್ಮಿಯಾದರು, ಊರುಗೋಲು ಜಾಸ್ತಿಯಾದವು. ಹಾಗಾಗಿ ಈ ಸಲದ್ದೇ ಕೊನೆ, ಆಮೇಲೆ ಬಾವುಟ ಲೈಬ್ರರಿಯ ಗಾಜಿನ ಪೆಟ್ಟಿಗೆಗೆ ಎಂದು ತೀರ್ಮಾನವಾಯಿತು.

ಕ್ಲೆಮ್‌ಗೆ ಬೇಕಾಗಿದ್ದು ಒಂದೇ. ಸೇತುವೆ.

ಅದು ಹೆರನ್ಸ್‌ನವರ ಪದ್ಧತಿ. ಮೇನ್ ಸ್ಟ್ರೀಟಿನ ತುದಿಯಲ್ಲಿ ಹಳೆಯ ಕಬ್ಬಿಣದ ಸೇತುವೆ. ಎಲ್ಲರೂ ಒಟ್ಟಿಗೆ ಬಾರಿಸಿದರೆ ಅದು ನಡುಗುತ್ತದೆ ಎಂದು ಹಿಂದೆ ಯಾರೋ ಹೆದರಿಸಿದ್ದರಂತೆ. ಸೇತುವೆ ಬಂದ ಕೂಡಲೇ ಕಹಳೆ ಕೆಳಗೆ, ಕೋಲು ಕಂಕುಳಿಗೆ. ಒಂದೇ ಒಂದು ಬೇಸ್ ಡ್ರಮ್ ಬಾರಿಸಬೇಕು. ಧಂ ಎಂದರೆ ಎಡಗಾಲು. ಎದುರು ದಡದ ಕಾರ್ಖಾನೆಯ ಇಟ್ಟಿಗೆ ಗೋಡೆಗೆ ಬಡಿದು ಅದೇ ಧಂ ವಾಪಸ್ ಬರುತ್ತದೆ. ಅದಕ್ಕೆ ಬಲಗಾಲು. ಗೋಡೆ ಕೊಟ್ಟ ಹೆಜ್ಜೆ ಹಿಡಿದು ಇಡೀ ತಂಡ ನದಿ ದಾಟುತ್ತಿತ್ತು. ಆ ಡ್ರಮ್ಮು ಕ್ಲೆಮ್‌ನದು. ಗೋಡೆಯನ್ನು ಮಾತಾಡಿಸುವ ಗತ್ತು ಅವನೊಬ್ಬನದು.

ಆದರೆ ತಂಡದ ಮುಂದೆ ನಡೆದು ಸೀಟಿ ಊದುತ್ತಿದ್ದ ಹಳೆಯ ಡ್ರಮ್ ಮೇಜರ್ ವರ್ನ್ ಹಾಗ್ಲಂಡ್, ಈಗ ಬೌಲಿಂಗ್ ಅಂಗಡಿ ನಡೆಸುವವನು, ಬೇರೆಯೇ ಚಿತ್ರಕಥೆ ಬರೆದಿದ್ದ. ಜೂನ್ ಕೊನೆಯಲ್ಲಿ ಎಲ್ಲರನ್ನೂ ಅಂಗಡಿಯ ಹಿಂದಿನ ಬಯಲಿಗೆ ಕರೆದ. ಅಲ್ಲಿ ಟ್ರ್ಯಾಕ್ಟರಿಗೆ ಕಟ್ಟಿದ ಒಂದು ಉದ್ದನೆಯ ಟ್ರೇಲರ್, ಅದರ ಮೇಲೆ ಹುಲ್ಲಿನ ಹೊರೆಗಳು.

"ಈ ಸಲ ಯಾರೂ ನಡೆಯೋ ಹಾಗಿಲ್ಲ. ಎಲ್ರೂ ಹತ್ತಿ ಕೂತ್ಕೊಳ್ಳಿ," ಎಂದ ವರ್ನ್.

ಕ್ಲೆಮ್ ಟ್ರೇಲರನ್ನು ಮೇಲಿಂದ ಕೆಳಗೆ ನೋಡಿದ. "ಲೇ ವರ್ನ್, ನಾವೇನು ಕೊಕ್ಕರೆಗಳೋ, ಸಂತೆಗೆ ಹೊರಟಿರೋ ಹಂದಿಗಳೋ?"

"ನಿನ್ ಮಂಡಿ ನೋಡ್ಕೊಂಡು ಮಾತಾಡಪ್ಪಾ."

"ನನ್ ಮಂಡಿಗೆ ಗ್ಯಾರಂಟಿ ಇದೆ ಕಣೋ. ನಿನ್ ತಲೆಗೆ ಅದೂ ಇಲ್ಲ."

"ಟ್ರ್ಯಾಕ್ಟರ್ ಸದ್ದಲ್ಲಿ ಗೋಡೆ ಮಾತು ಕೇಳ್ಸತ್ತೇನೋ?" ಎಂದು ಕ್ಲೆಮ್ ಮತ್ತೆ ಕೇಳಿದ. ಈ ಸಲ ತಮಾಷೆ ಇರಲಿಲ್ಲ. ವರ್ನ್ ಸೀಟಿ ಊದಿದ.

ಹತ್ತಿದರು. ಅಲ್ಲೇ ಆದದ್ದು ಎಡವಟ್ಟು. ಹದಿಹರೆಯದಲ್ಲಿ ಮೈಗೆ ಹತ್ತಿದ ಅಭ್ಯಾಸ. ಪಕ್ಕದವನಿಗೂ ತನಗೂ ನಡುವೆ ಎರಡು ಹೆಜ್ಜೆ ಅಂತರ ಬಿಟ್ಟಲ್ಲದೆ ಯಾರಿಗೂ ಕೂರಲು ಬರುವುದಿಲ್ಲ. ಅರ್ಧ ಜನ ಕೂರುವಷ್ಟರಲ್ಲಿ ಟ್ರೇಲರ್ ಭರ್ತಿ. ಮಿಕ್ಕವರು ಕೆಳಗೆ ನಿಂತು ಬಸ್ಸು ತಪ್ಪಿಸಿಕೊಂಡವರ ಹಾಗೆ ನೋಡಿದರು.

"ಒತ್ಕೊಂಡು ಕೂತ್ಕೊಳ್ರೋ!" ವರ್ನ್ ಕಿರುಚಿದ.

ಒತ್ತಿಕೊಂಡರು. ಬಾರಿಸಿದರು. ಭುಜಕ್ಕೆ ಭುಜ ತಾಗಿದ್ದೇ ತಡ, ತಾಳ ಹಾಳಾಗಿ ಹೋಯಿತು. ಕಹಳೆಯೊಂದು ಯಾರದೋ ಕಿವಿಯೊಳಗೇ ಊದಿತು. ಸ್ನೇರ್ ಡ್ರಮ್ಮಿನ ಬಡ್ ಕ್ರೇನಿಕ್‌ನ ಮೊಣಕೈ ಕ್ಲೆಮ್‌ನ ಪಕ್ಕೆಗೆ ಬಿತ್ತು.

"ವರ್ನ್, ಇದು ಬ್ಯಾಂಡಲ್ಲ ಮಾರಾಯಾ, ಅಡುಗೆಮನೆ ಪಾತ್ರೆ ಬಿದ್ದಂಗಿದೆ," ಎಂದು ಬಡ್ ಮೊದಲು ಇಳಿದ. ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಕೆಳಗಿಳಿದದ್ದೇ, ಯಾರೂ ಹೇಳದೆ, ಸಾಲು ತಾನೇ ನೇರವಾಗಿ ನಿಂತಿತು. ವರ್ನ್ ಸಾಲನ್ನೊಮ್ಮೆ ನೋಡಿದ, ಹುಲ್ಲಿನ ಹೊರೆಗಳನ್ನೊಮ್ಮೆ ನೋಡಿದ.

"ಸರಿ, ನಡ್ಕೊಂಡೇ ಹೋಗೋಣ. ಸತ್ರೆ ನನ್ ಮೇಲೆ ಹೇಳ್ಬೇಡಿ," ಎಂದ.

ಕ್ಲೆಮ್ ಮನೆಗೆ ಹೋದಾಗ ಮಾರ್ಲಿಸ್ ಅಂಗಳದಲ್ಲಿ ಬಟ್ಟೆ ಮಡಚುತ್ತಿದ್ದಳು.

"ಡಾಕ್ಟ್ರು ಡ್ರಮ್ ಮುಟ್ಬೇಡ ಅಂದಿದಾರೆ, ನೆನಪಿದೆ ತಾನೆ?"

"ಅಯ್ಯೋ, ಟ್ರೇಲರಲ್ಲಿ ಕೂರೋದು ಕಣೆ. ರಾಜನ ಥರ. ಹುಲ್ಲಿನ ಸಿಂಹಾಸನ."

"ನನ್ ಕಣ್ಣು ನೋಡಿ ಹೇಳು."

ಕ್ಲೆಮ್ ಕಣ್ಣು ನೋಡಿ ಹೇಳಿದ. ಪ್ರಶಸ್ತಿ ಕೊಡಬಹುದಾದ ನಟನೆ. ಮಾರ್ಲಿಸ್ "ಸರಿ ಬಿಡು" ಎಂದು ಒಳಗೆ ಹೋದಳು. ಇಷ್ಟು ಬೇಗ ಗೆದ್ದದ್ದು ಅವನಿಗೇ ಸ್ವಲ್ಪ ಅನುಮಾನ ಹುಟ್ಟಿಸಿತು.

ಜುಲೈ ನಾಲ್ಕು. ಚರ್ಚಿನ ಮುಂದೆ ಸಾಲು ನಿಂತಿತು. ಕೋಟಿನ ಗುಂಡಿ ಹಾಕಲು ಆಗದವರು ಪಿನ್ನು ಚುಚ್ಚಿಕೊಂಡಿದ್ದರು. ಕ್ಲೆಮ್‌ನ ಎಡಕ್ಕೆ ಬಡ್.

"ಲೇ, ನಿಜ ಹೇಳು. ಆಗತ್ತಾ?" ಬಡ್ ಮುಂದೆ ನೋಡುತ್ತಲೇ ಕೇಳಿದ.

"ಎಪ್ಪತ್ತೆರಡರಲ್ಲಿ ನೀನಿಲ್ದೇನೇ ನಡೆದಿದೀನಿ. ಇವತ್ತು ನೀನು ಪಕ್ಕದಲ್ಲಿದೀಯ. ಅದೊಂದು ಕಷ್ಟ ಬಿಟ್ರೆ ಬೇರೇನಿಲ್ಲ."

ಬಡ್ ನಕ್ಕ. ಆದರೆ ಆ ಮಾತಿಗೆ ಒಂದು ಹಿನ್ನೆಲೆ ಇತ್ತು. ಎಪ್ಪತ್ತೆರಡರ ಸೀಸನ್ನಿನ ನಡುವೆ ಬಡ್‌ಗೆ ಯುದ್ಧಕ್ಕೆಂದು ಸೈನ್ಯದಿಂದ ಕರೆ ಬಂತು. ಅವನು ಹೋದ ಮೇಲೆ ಸಾಲನ್ನು ಒತ್ತಿ ಜಾಗ ಮುಚ್ಚಬಹುದಿತ್ತು. ಮುಚ್ಚಲಿಲ್ಲ. ಬಡ್ ನಿಲ್ಲಬೇಕಾದ ಜಾಗ ಖಾಲಿಯಾಗಿಯೇ ಮೈದಾನದ ತುಂಬ ನಡೆಯಿತು, ತಿರುಗಿತು, ನಿಂತಿತು. ತೀರ್ಪುಗಾರರು ಅಂಕ ಕತ್ತರಿಸಿದರು. ಫೈನಲ್ಲಿನಲ್ಲಿ ಹೆರನ್ಸ್ ಕೂದಲೆಳೆಯಷ್ಟರಲ್ಲಿ ಸೋತರು. ಬಡ್ ಜೀವಂತ ವಾಪಸ್ ಬಂದ ದಿನ ಯಾರೂ ಆ ಸೋಲಿನ ಮಾತೆತ್ತಲಿಲ್ಲ, ಅವನು ಮಾತ್ರ ಇವತ್ತಿಗೂ ಎತ್ತುತ್ತಾನೆ. ಹೆರನ್ಸ್‌ನವರ ಲೆಕ್ಕದಲ್ಲಿ ಅದು ಸಾಮಾನ್ಯ ನಿಯಮ. ಮನುಷ್ಯ ಇಲ್ಲದಿದ್ದರೂ ಅವನ ಜಾಗ ಅವನದು.

ವರ್ನ್‌ನ ಸೀಟಿ. ಕ್ಲೆಮ್‌ನ ಮೊದಲ ಹೊಡೆತ.

ಅಬ್ಬಾ, ಏನು ಎಂಟ್ರಿ ಅಂತೀರಿ! ಬೇಕರಿಯ ಹತ್ತಿರ ಕ್ಲೆಮ್‌ಗೆ ಮತ್ತೆ ಹತ್ತೊಂಬತ್ತು ವರ್ಷ. ಬೂದು ಗರಿ ಗಾಳಿಗೆ ಹಾರುತ್ತಿದೆ, ಬಿಸಿ ಉಣ್ಣೆಯ ವಾಸನೆ, ಹಿತ್ತಾಳೆಯ ವಾಸನೆ. ಎದೆಗಾನಿಸಿದ ಡ್ರಮ್ಮು ಎದೆಯೊಳಗೇ ಬಾರಿಸುತ್ತಿದೆ. ಹೋಟೆಲಿನ ಮುಂದೆ ಮಂಡಿ ಒಂದು ಸಲ ಸಣ್ಣಗೆ ಕೆಮ್ಮಿತು. ಕ್ಲೆಮ್ ಕೇಳಿಸಿಕೊಳ್ಳಲಿಲ್ಲ. ಹಾರ್ಡ್‌ವೇರ್ ಅಂಗಡಿಯ ಮುಂದೆ ಅದು ಜೋರಾಗಿಯೇ ಬೈದಿತು. ಸೇತುವೆ ಕಾಣುತ್ತಿತ್ತು. ಸೇತುವೆಯ ಆಚೆ ಗೋಡೆಯೂ ಕಾಣುತ್ತಿತ್ತು.

"ಕ್ಲೆಮ್ಮೂ," ಬಡ್ ತುಟಿ ಅಲ್ಲಾಡಿಸದೆ ಪಿಸುಗುಟ್ಟಿದ.

"ಮುಂದೆ ನೋಡೋ."

ಸೇತುವೆಗೆ ಮುಂಚಿನ ಮೂಲೆಯಲ್ಲಿ ಮಂಡಿ ಸಂಪೂರ್ಣ ಮುಷ್ಕರ ಹೂಡಿತು. ಕಾಲು ಎತ್ತಿದರೆ ಬರಲಿಲ್ಲ. ಇಲ್ಲಿ ಬಿದ್ದರೆ ಹಿಂದಿನವರು ಎಡವುತ್ತಾರೆ. ಆಗದವನು ಬಲಕ್ಕೆ ಸರಿದು ಹೊರಗೆ ನಿಲ್ಲಬೇಕು, ಅದೂ ನಿಯಮವೇ. ಕ್ಲೆಮ್ ಬಲಕ್ಕೆ ಸರಿದ. ಸಾಲು ಮುಂದೆ ಹೋಯಿತು. ಒಬ್ಬನೂ ತಿರುಗಿ ನೋಡಲಿಲ್ಲ.

"ಎಂಥಾ ಕಟುಕರಪ್ಪಾ!" ಪಕ್ಕದ ಹೆಂಗಸೊಬ್ಬಳು ಕೂಗಿದಳು. "ಮುದುಕ ಕುಂಟ್ತಾ ಇದಾನೆ, ಒಬ್ಬನಾದ್ರೂ ನಿಲ್ಲಬಾರ್ದಾ?"

"ಸುಮ್ನಿರಿ," ಎಂದಿತು ಇನ್ನೊಂದು ದನಿ. "ಸಾಲು ನೋಡಿ ಮೊದ್ಲು."

ಕ್ಲೆಮ್ ತಿರುಗಿದ. ಮಾರ್ಲಿಸ್! ಮಡಚುವ ಕುರ್ಚಿಯಲ್ಲಿ ಕೂತಿದ್ದಳು. ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ, ಬಿಡಿಸಿ, ಖಾಲಿ ಇಟ್ಟದ್ದು.

"ಇದ್ಯಾರಿಗೆ?" ಎಂದು ಏದುಸಿರಿನಲ್ಲಿ ಕೇಳಿದ ಕ್ಲೆಮ್.

"ಟ್ರೇಲರಿಂದ ಬೀಳೋ ರಾಜಂಗೆ. ಕೂತ್ಕೋ."

"ನಿಂಗೆ ಯಾರು ಹೇಳಿದ್ದು?"

"ನಿನ್ ಕಣ್ಣು ಕಣೋ. ಎಷ್ಟು ವರ್ಷದಿಂದ ನೋಡ್ತಾ ಇದೀನಿ ಆ ಸುಳ್ಳುಗಣ್ಣು. ಬೇಕರಿ ಹತ್ರ ಕೂರೋಣ ಅಂದ್ಕೊಂಡಿದ್ದೆ. ಆಮೇಲೆ, ಇಲ್ಲ, ಇವನು ಇಲ್ಲೀವರೆಗೂ ಎಳೀತಾನೆ ಅನ್ನಿಸ್ತು."

ಕ್ಲೆಮ್ ಕೂತ. ಕಣ್ಣು ಸಾಲಿನ ಮೇಲೆ ಹೋಯಿತು. ಬಡ್‌ನ ಬಲಕ್ಕೆ ಒಂದು ಜಾಗ ಖಾಲಿಯಾಗಿ ನಡೆಯುತ್ತಿತ್ತು. ಬಡ್ ಒಂದು ಅಂಗುಲ ಸರಿದಿರಲಿಲ್ಲ. ಹಿಂದಿನವರು ಅದನ್ನು ತುಳಿದಿರಲಿಲ್ಲ. ಆ ಖಾಲಿ ಜಾಗ ಎದೆ ಸೆಟೆಸಿಕೊಂಡು ಸೇತುವೆಯ ಕಡೆ ಹೊರಟಿತ್ತು.

ಸೇತುವೆಯ ಬಾಯಲ್ಲಿ ವರ್ನ್‌ನ ಕೈ ಮೇಲೆ ಹೋಯಿತು. ಕಹಳೆ ಕೆಳಗೆ. ಕೋಲು ಕಂಕುಳಿಗೆ. ಎಲ್ಲರೂ ನಿಂತರು. ಡ್ರಮ್ಮು ಇಲ್ಲ. ನದಿಯ ಸದ್ದು ಮಾತ್ರ. ವರ್ನ್ ಹಿಂತಿರುಗಲಿಲ್ಲ, ಕೈಯನ್ನೂ ಇಳಿಸಲಿಲ್ಲ. ಕಾಯುತ್ತಿದ್ದ.

ಕ್ಲೆಮ್ ಕೂತಲ್ಲಿಂದಲೇ ಕೋಲೆತ್ತಿದ.

ಧಂ.

ಸಾಲಿನ ಎಡಗಾಲು ಹೋಯಿತು. ಇಲ್ಲಿಂದ ಗೋಡೆ ದೂರ, ಉತ್ತರ ಬರಲು ತಡವಾಯಿತು. ಹಳೆಯ ಲಯದಲ್ಲಿ ಬಾರಿಸಿದರೆ ಹೆಜ್ಜೆ ಕಲಸಿಹೋಗುತ್ತಿತ್ತು. ಕ್ಲೆಮ್ ತಡೆದ. ಗೋಡೆಯಿಂದ ಧಂ ಬಂತು, ಬಲಗಾಲು ಹೋಯಿತು. ಆಮೇಲೆ ಮತ್ತೆ ಹೊಡೆದ. ಹಿಂದೆಂದೂ ಅಷ್ಟು ನಿಧಾನವಾಗಿ ಹೆರನ್ಸ್ ಆ ನದಿ ದಾಟಿರಲಿಲ್ಲ. ಆ ಮಂಡಿಗಳಿಗೆ ಅದೇ ಸರಿಯಾದ ವೇಗವಾಗಿತ್ತು. ಕೊನೆಯ ಗರಿ ಆಚೆ ದಡ ಮುಟ್ಟುವವರೆಗೂ ಕ್ಲೆಮ್ ಬಾರಿಸಿದ. ಖಾಲಿ ಜಾಗವೂ ದಾಟಿತು. ಆಗ, ಅಷ್ಟು ದೂರದಿಂದ, ನಿಯಮ ಮುರಿದು ಬಡ್ ಒಬ್ಬನೇ ತಿರುಗಿದ, ಟೋಪಿ ತೆಗೆದು ಎತ್ತಿ ಹಿಡಿದ.

"ಅಳ್ತಿದೀಯೇನೋ?" ಎಂದಳು ಮಾರ್ಲಿಸ್.

"ಬೆವರು ಕಣೆ. ಉಣ್ಣೆ ಕೋಟು."

ಸರಿ, ಸಿಕ್ಕಿಬಿದ್ದೆ. ಶುರುವಿನಲ್ಲಿ ಅವನು ಸೇತುವೆ ದಾಟಿದ ಎಂದೆ. ದಾಟಲಿಲ್ಲ. ಸೂರ್ಯ ನಾಚಿದ ಎಂದೆ. ಆವತ್ತು ಬೆಳಿಗ್ಗೆಯಿಂದಲೇ ಮೋಡ. ಊರಿಗೆ ಊರೇ ಎದ್ದು ನಿಂತದ್ದು ಮಾತ್ರ ನಿಜ. ಆದರೆ ಅದು ಹಿಂದೆ ಬರುತ್ತಿದ್ದ ಅಗ್ನಿಶಾಮಕದವರು ವಾಡಿಕೆಯಂತೆ ಜನರ ಮೇಲೆ ನೀರು ಹಾರಿಸಲು ಶುರು ಮಾಡಿದ್ದಕ್ಕೆ, ಕುರ್ಚಿ ಎತ್ತಿಕೊಂಡು ಓಡಲು. ಡ್ರಮ್ಮಿಗಾಗಿ ಎದ್ದು ನಿಂತವಳು ಒಬ್ಬಳೇ, ಮಾರ್ಲಿಸ್. ಕೂತವನ ತೊಡೆಯ ಮೇಲೆ ಅದು ನಿಲ್ಲುತ್ತಿರಲಿಲ್ಲ. ನೀರು ಬಂದು ತಲೆಯಿಂದ ಕಾಲಿನವರೆಗೆ ತೋಯಿಸಿದರೂ, ಕೊನೆಯ ಹೊಡೆತದವರೆಗೆ ಅವಳು ಅದರ ಅಂಚನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.