ನಾಡಗೌಡರ ರುಮಾಲು

ನಾಡಗೌಡಿಕೆ ರದ್ದಾಗಿ ಯಾವ ಕಾಲವಾಯಿತೋ, ತೊಗರ್ಸಿ ಹತ್ತಿರದ ಆ ಮನೆಯವರು ಮಾತ್ರ ಇನ್ನೂ ಅದಕ್ಕಾಗಿ ಬಡಿದಾಡುತ್ತಾರೆ. ಹಳೇ ಗೌಡರು ವೀರಬಸಪ್ಪ ತೀರಿಕೊಂಡಿದ್ದರು. ದೊಡ್ಡ ಮಗ ಗುರುಪ್ರಕಾಶ್ ಬೇರೆ ಜಾತಿಯವಳನ್ನು ಮದುವೆಯಾಗಿದ್ದಾನೆ, ಅವನಿಗೆ ಹಕ್ಕಿಲ್ಲ ಅಂತ ಚಿಕ್ಕ ಮಗ ಶಂಭುಲಿಂಗನ ವಾದ. ಶಿಕಾರಿಪುರದಿಂದ ಹೊಸ ನಾಡಗೌಡನ ರುಮಾಲು ಸುತ್ತಲು ಹೋದ ನಾನು, ಫಯಾಜ್, ಇಬ್ಬರ ನಡುವೆ ಸಿಕ್ಕಿಬಿದ್ದೆ.

“ಯಾರ ತಲೆಗ್ರೀ?” ಅಂತ ಕೇಳಿದೆ.

“ನಂಗೇ,” ಅಂದ ಅಣ್ಣ.

“ಅವನಿಗೆ ಸುತ್ತಿದ್ರೆ ನೀನು ಈ ಊರು ದಾಟಲ್ಲ,” ಅಂದ ತಮ್ಮ.

ಹಾಳಾಗಿ ಹೋಗಲಿ, ಸುತ್ತಿ ಕೊಡೋದಷ್ಟೇ ನನ್ನ ಕೆಲಸ, ಆಮೇಲೆ ಯಾರು ಬೇಕಾದರೂ ಇಟ್ಟುಕೊಳ್ಳಲಿ ಅಂದುಕೊಂಡು ರುಮಾಲನ್ನು ನನ್ನ ತಲೆಗೇ ಸುತ್ತಿಕೊಂಡೆ. ಹಳೇ ಗೌಡರಿಗೂ ಹೀಗೇ ಸುತ್ತಿ, ತೆಗೆದು ಕೊಡುತ್ತಿದ್ದೆ. ನಮ್ಮಿಬ್ಬರ ತಲೆ ಒಂದೇ ಅಳತೆ.

ಅಷ್ಟರಲ್ಲಿ ಗೌಡರ ಹೆಂಡತಿ ಜಗದಾಂಬಮ್ಮ ಗೋಡೆ ಹಿಡಿದುಕೊಂಡು ಒಳಗಿಂದ ಬಂದರು. ಮನೆಯ ಹಿರಿಯಳು ರುಮಾಲಿನ ಮೇಲೆ ಕೈಯಿಟ್ಟು ಯಾರನ್ನು ನಾಡಗೌಡ ಅಂತ ಕರೆಯುತ್ತಾಳೋ ಅವನೇ ನಾಡಗೌಡ. ಅದು ಆ ಮನೆಯ ಕಟ್ಟಳೆ. ಕಣ್ಣು ಮಂಜಾಗಿದ್ದ ಅಮ್ಮನಿಗೆ ರುಮಾಲಿನ ಕೆಂಪು ಬಿಟ್ಟರೆ ಬೇರೇನೂ ಕಾಣಲಿಲ್ಲ. ನಾನು ಹಿಂದೆ ಸರಿಯುವ ಮೊದಲೇ ತಲೆ ಮೇಲೆ ಕೈ ಬಿತ್ತು.

“ಚೆನ್ನಾಗಿ ಬಾಳು ನನ್ನಪ್ಪ, ನಾಡಗೌಡ,” ಅಂದರು.

ಪಡಸಾಲೆಯಲ್ಲಿ ಕೂತಿದ್ದ ನೆಂಟರು ಅಭ್ಯಾಸಬಲದಿಂದ ಎದ್ದು ನನಗೆ ಕೈಮುಗಿದರು.

ವರ್ಷಗಟ್ಟಲೆ ಮಾತು ಬಿಟ್ಟಿದ್ದ ಅಣ್ಣ ತಮ್ಮ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಬಾಗಿಲು ಮುಚ್ಚಿದ. ಇನ್ನೊಬ್ಬ ಚಿಲಕ ಹಾಕಿದ.