ಹೆಸರು ಹೇಳದ ಎಣ್ಣೆ

ಜುಲೈ ತಿಂಗಳು. ಲಮೋನೆ ಕಣಿವೆಯಲ್ಲಿ ಪೀಚ್ ಕೊಯ್ಲು ಬಿರುಸಾಗಿತ್ತು. ಭಾನುವಾರವೆಂದು ಹಣ್ಣು ಮಾಗುವುದನ್ನು ನಿಲ್ಲಿಸುವುದಿಲ್ಲ. ದೆರ್ನಾ ಮತ್ತು ಅವಳ ಅಪ್ಪ ಒರೆಸ್ತೆ ಬೆಳಕು ಹರಿಯುವ ಹೊತ್ತಿಗೇ ಏಣಿ ಹೊತ್ತು ತೋಟಕ್ಕೆ ಇಳಿದಿದ್ದರು. ಪೀಚನ್ನು ಬೆರಳಿನಿಂದ ಒತ್ತಿ ಕೀಳುವಂತಿಲ್ಲ. ಅಂಗೈ ತುಂಬ ಹಿಡಿದು ಮೆಲ್ಲಗೆ ತಿರುವಬೇಕು. ಒತ್ತಿದ ಕಡೆಯೆಲ್ಲ ಸಂಜೆಯೊಳಗೆ ಕಪ್ಪಾಗಿ, ಮಂಡಿಯಲ್ಲಿ ಆ ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸುತ್ತಾರೆ. ಹಣ್ಣಿನ ಸಿಪ್ಪೆಯ ಮೇಲಿನ ಸುಂಕು ಬೆವರಿಗೆ ಅಂಟಿ ಕತ್ತೆಲ್ಲ ತುರಿಸುತ್ತಿತ್ತು.

ಮೂರನೆಯ ಏಣಿ ಇವತ್ತು ಗೋಡೆಗೆ ಒರಗಿಕೊಂಡೇ ಇತ್ತು. ಅದು ತಮ್ಮ ವೆತ್ಸಿಯೊನದು. ಊರ ಹಿಂದಿನ ಗುಡ್ಡದ ರಸ್ತೆಯಲ್ಲಿ ಮಧ್ಯಾಹ್ನ ಮೋಟಾರ್ ಸೈಕಲ್ಲುಗಳ ಏರು ಓಟದ ಪಂದ್ಯ. ಅವನು ಬೆಳಿಗ್ಗೆಯೇ ತನ್ನ ಮುತೋರನ್ನು ಎಂಜಿನ್ ಹಚ್ಚದೆ ಇಳಿಜಾರಿನಲ್ಲಿ ಉರುಳಿಸಿಕೊಂಡು ಹೋಗಿದ್ದ.

ಆ ಸೀಮೆಯಲ್ಲಿ ಮೋಟಾರ್ ಸೈಕಲ್ಲಿಗೂ ಮುತೋರ್ ಎನ್ನುತ್ತಾರೆ, ಎಂಜಿನ್ನಿಗೂ ಮುತೋರ್ ಎನ್ನುತ್ತಾರೆ. ಚಕ್ರ, ಹಿಡಿಕೆ, ಸೀಟು ಎಲ್ಲ ಆ ಎಂಜಿನ್ನಿಗೆ ಸುಮ್ಮನೆ ತಗುಲಿಕೊಂಡಿರುವ ಸಾಮಾನು ಎನ್ನುವ ಹಾಗೆ. ಮೊದಲು ಅದು ಸಾಧು ಗಾಡಿಯಾಗಿತ್ತು. ದೆರ್ನಾ ಅದರ ಮೇಲೆ ಹಿಂದೆ ಎರಡು ಪೆಟ್ಟಿಗೆ ಕಟ್ಟಿಕೊಂಡು ಮಂಡಿಗೆ ಹೋಗಿ ಬರುತ್ತಿದ್ದಳು. ಕಳೆದ ಚಳಿಗಾಲದಲ್ಲಿ, ನೇಗಿಲು ರಿಪೇರಿ ಮಾಡುವ ಅಂಗಡಿಯಲ್ಲಿ ಕೆಲಸಕ್ಕಿರುವ ವೆತ್ಸಿಯೊ ಅದನ್ನು ಬಿಚ್ಚಿ ಹರಡಿಕೊಂಡು ಕೂತ. ಎಂಜಿನ್ನಿನ ತಲೆಯನ್ನು ತೆಳ್ಳಗೆ ಹೆರೆದ, ಒಳಗಿನ ಗಾಳಿ ಇನ್ನೂ ಬಿಗಿಯಾಗಿ ಒತ್ತಿಕೊಳ್ಳಲಿ ಎಂದು. ವಾಲ್ವುಗಳನ್ನು ದೊಡ್ಡದು ಮಾಡಿದ. ಪಿಸ್ಟನ್ನಿನ ಕೋಲನ್ನು ವಾರಗಟ್ಟಲೆ ಉಜ್ಜಿ ಕನ್ನಡಿ ಮಾಡಿದ. ಸಣ್ಣ ಗೀರಿದ್ದರೂ ಬಿರುಕು ಅಲ್ಲಿಂದಲೇ ಹೊರಡುತ್ತದೆ ಎಂದ. ವಸಂತದಲ್ಲಿ ಅದು ಮೊದಲ ಸಲ ಕೂಗಿದಾಗ ಕೋಳಿಗಳು ಮೊಟ್ಟೆ ಇಡುವುದನ್ನೇ ಬಿಟ್ಟವು. ಅಂದಿನಿಂದ ದೆರ್ನಾ ಮಂಡಿಗೆ ಸೈಕಲ್ ತುಳಿದಳು. ಮುತೋರಿಗೆ ಮೆಲ್ಲಗೆ ಹೋಗುವುದು ಮರೆತೇ ಹೋಗಿತ್ತು. ಹೊರೆ ಹೊರಿಸಿದರೆ ಕೆಮ್ಮಿ ನಿಲ್ಲುತ್ತಿತ್ತು.

ಇನ್ನೊಂದು ಸಂಗತಿ ದೆರ್ನಾಗೆ ಮಾತ್ರ ಗೊತ್ತಿತ್ತು. ಅಷ್ಟು ಕಾವಿಗೆ ಮಾಮೂಲಿ ಎಣ್ಣೆ ನೀರಾಗಿಬಿಡುತ್ತದೆ. ತಡೆದುಕೊಳ್ಳುವುದು ಹರಳೆಣ್ಣೆ ಒಂದೇ. ಆದರೆ ಆ ಮನೆಯಲ್ಲಿ ಹರಳೆಣ್ಣೆಯ ಹೆಸರು ಎತ್ತುವಂತಿರಲಿಲ್ಲ. ಸಾವಿರದ ಒಂಬೈನೂರ ಇಪ್ಪತ್ತೆರಡನೆಯ ಇಸವಿಯಲ್ಲಿ, ದೆರ್ನಾ ಇನ್ನೂ ಹುಟ್ಟಿರದ ಕಾಲದಲ್ಲಿ, ಒರೆಸ್ತೆ ಕೂಲಿಕಾರರ ಸಂಘದಲ್ಲಿದ್ದ ಎಂಬ ಒಂದೇ ಕಾರಣಕ್ಕೆ ಫ್ಯಾಸಿಸ್ಟ್ ಪಕ್ಷದ ಕರಿಯಂಗಿಯವರು ಅವನನ್ನು ಊರ ಚೌಕದಲ್ಲಿ ಕುರ್ಚಿಗೆ ಕಟ್ಟಿ, ಬಾಯಿಗೆ ಆಲಿಕೆ ಇಟ್ಟು ಒಂದು ಬಾಟಲಿ ಹರಳೆಣ್ಣೆ ಕುಡಿಸಿದ್ದರು. ಆಮೇಲೆ ಕಟ್ಟು ಬಿಚ್ಚಿ, ಜನ ನೋಡುತ್ತಿರುವಾಗಲೇ ಆ ಸ್ಥಿತಿಯಲ್ಲಿ ಮನೆಗೆ ನಡೆಸಿದ್ದರು. ಅವನು ಅದನ್ನು ಯಾವತ್ತೂ ಬಾಯಿಬಿಟ್ಟು ಹೇಳಿದವನಲ್ಲ. ಊರೇ ಹೇಳಿತ್ತು. ಮನೆಯ ಮಕ್ಕಳಿಗೆ ಹೊಟ್ಟೆ ಕಟ್ಟಿದರೆ ಬೇಯಿಸಿದ ಪ್ಲಮ್ ಹಣ್ಣೇ ಗತಿಯಾಗಿತ್ತು.

ಹಾಗಾಗಿ ವೆತ್ಸಿಯೊ ಎಣ್ಣೆಯನ್ನು ಬೇರೆ ಪಟ್ಟಣದಿಂದ ತಂದು, ಚೀಟಿಯಿಲ್ಲದ ವೈನ್ ಬಾಟಲಿಗೆ ಸುರಿದು ಕೊಟ್ಟಿಗೆಯ ಹುಲ್ಲಿನಲ್ಲಿ ಹುಗಿದಿಟ್ಟಿದ್ದ. ಇದಕ್ಕೆ ಬೇರೆ ಎಣ್ಣೆಯ ಒಂದು ತೊಟ್ಟೂ ಬೆರೆಯಬಾರದು ಎಂದು ಅಕ್ಕನಿಗೆ ಹೇಳಿದ್ದ. ಬೆರೆತರೆ ಒಡೆದ ಹಾಲಿನ ಹಾಗಾಗಿ ಎಣ್ಣೆ ಹರಿಯುವ ದಾರಿ ಕಟ್ಟುತ್ತದೆ, ಪಿಸ್ಟನ್ ಗೋಡೆಗೆ ಕಚ್ಚಿಕೊಳ್ಳುತ್ತದೆ, ಹಿಂದಿನ ಚಕ್ರ ನಿಂತಲ್ಲೇ ನಿಲ್ಲುತ್ತದೆ. ಗುಡ್ಡದ ತಿರುವಿನಲ್ಲಿ ಹಾಗಾದರೆ ಏನು ಎಂದು ಅವಳು ಕೇಳಿದ್ದಕ್ಕೆ ಅವನು ಬಾಟಲಿಯನ್ನು ಹುಲ್ಲಿನೊಳಗೆ ಇನ್ನಷ್ಟು ಆಳಕ್ಕೆ ತಳ್ಳಿದ್ದ.

ಬಿಸಿಲೇರಿದ ಮೇಲೆ ಅಪ್ಪ ಮಗಳು ಮರದಡಿ ಕೂತು ಬ್ರೆಡ್ಡು, ಈರುಳ್ಳಿ, ನೀರು ಬೆರೆಸಿದ ವೈನು ಬಿಚ್ಚಿಕೊಂಡರು. ಒರೆಸ್ತೆ ಚಾಕುವಿನಲ್ಲಿ ಈರುಳ್ಳಿ ಹೆಚ್ಚುತ್ತ, ಆ ಹುಡುಗನಿಗೆ ತಲೆಯೆಲ್ಲ ಮುತೋರು, ಜ್ಞಾನ ಮಾತ್ರ ಇಲ್ಲ ಎಂದು ಬೈದ. ಬೆಳಿಗ್ಗೆ ತೋಟಕ್ಕೆ ಹೊರಡುವ ಮೊದಲು ಮುತೋರಿನ ಮುಚ್ಚಳ ತೆಗೆದು ನೋಡಿದರೆ ಎಣ್ಣೆ ತುಸು ಕಮ್ಮಿಯಿತ್ತಂತೆ. ನೀರಿನ ಪಂಪಿಗೆ ಹಾಕುವ ಡಬ್ಬಿಯಿಂದ ತಾನೇ ಒಂದಿಷ್ಟು ಸುರಿದು ಸರಿಮಾಡಿದನಂತೆ.

ದೆರ್ನಾಳ ಬಾಯಲ್ಲಿದ್ದ ಬ್ರೆಡ್ಡು ಹಾಗೇ ನಿಂತಿತು.

"ಅಪ್ಪ, ಮುಚ್ಚಳ ತೆಗೆದಾಗ ನಿಂಗೆ ಏನೂ ವಾಸ್ನೆ ಬರ್ಲಿಲ್ವಾ?"

"ಬಂತು," ಎಂದ ಒರೆಸ್ತೆ. "ಅದು ನಂಗೆ ಆಗಾಗ ತಾನಾಗೇ ಬರುತ್ತೆ. ಚರ್ಚಲ್ಲಿ ಕೂತಾಗ್ಲೂ ಬರುತ್ತೆ. ಅದನ್ನ ನಾನು ಲೆಕ್ಕಕ್ಕಿಡಲ್ಲ."

ಅವಳು ನೆಲ ನೋಡಿದಳು. ಬೇರೆ ದಾರಿ ಕಾಣಲಿಲ್ಲ.

"ಈ ಸಲ ಅದು ನಿಜವಾಗ್ಲೂ ಬಂದಿತ್ತು ಕಣಪ್ಪ. ಅದರೊಳಗಿರೋದು ಹರಳೆಣ್ಣೆ."

ಒರೆಸ್ತೆ ಚಾಕು ಮಡಿಸಿದ. ಮಡಿಸಿದ ಚಾಕುವನ್ನು ಮತ್ತೆ ಬಿಚ್ಚಿದ, ಮತ್ತೆ ಮಡಿಸಿದ. ಅವಳು ಎರಡೂ ಬೆರೆತರೆ ಏನಾಗುತ್ತದೆಂದು ವೆತ್ಸಿಯೊ ಹೇಳಿದ್ದಷ್ಟನ್ನೂ ಹೇಳಿ ಮುಗಿಸಿದಳು. ತಿರುವಿನ ಮಾತನ್ನೂ ಬಿಡಲಿಲ್ಲ.

"ಆ ಎಣ್ಣೆ ಇನ್ನೂ ಉಳಿದಿದೆಯಾ?" ಎಂದ ಒರೆಸ್ತೆ.

"ಇಲ್ಲ. ಇದ್ದಷ್ಟನ್ನೂ ಹಾಕಿದ್ದ."

"ನೀನು ಅವನ ಹತ್ರ ಹೋಗು. ಇರೋದನ್ನೆಲ್ಲ ಚೆಲ್ಲೋಕೆ ಹೇಳು. ಎಣ್ಣೆ ನಾನು ತರ್ತೀನಿ."

ಎಲ್ಲಿಂದ ಎಂದು ಅವಳು ಕೇಳಲಿಲ್ಲ. ಊರಿನಲ್ಲಿ ಅದು ಸಿಗುವುದು ಒಂದೇ ಕಡೆ, ಡಾಕ್ಟರ್ ಜಾವುಲಿಯ ಔಷಧದ ಅಂಗಡಿಯಲ್ಲಿ. ಒರೆಸ್ತೆ ಆ ಅಂಗಡಿಯ ಮುಂದೆ ನಡೆಯಬೇಕಾಗಿ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದ.

ಗುಡ್ಡದ ಬುಡದಲ್ಲಿ ವೆತ್ಸಿಯೊ ನಂಬರಿನ ತಗಡು ಕಟ್ಟುತ್ತಿದ್ದ. ಅಕ್ಕ ಸೈಕಲ್ಲಿನಿಂದ ಇಳಿಯುತ್ತಲೇ ಹೇಳಿದ್ದನ್ನು ಕೇಳಿ ಅವನು ತಗಡು ಕೈಬಿಟ್ಟ. ಎಂಜಿನ್ನಿನ ಕೆಳಗಿನ ತಿರುಪು ಬಿಚ್ಚಿದ. ಎಣ್ಣೆ ಬೋಗುಣಿಗೆ ಇಳಿಯಿತು. ತೆಳು ಹಳದಿಯ ಮೇಲೆ ಕಂದು ಬಣ್ಣದ್ದು ಬೇರೆಯಾಗಿಯೇ ತೇಲುತ್ತಿತ್ತು. ಇಬ್ಬರೂ ಸೇರಿ ಎಂಜಿನ್ನಿನ ಹೊಟ್ಟೆಗೆ ಪೆಟ್ರೋಲ್ ಸುರಿದು, ಗಾಡಿಯನ್ನು ಅತ್ತಿತ್ತ ವಾಲಿಸಿ ತೊಳೆದರು. ತೊಳೆದದ್ದು ತಿಳಿಯಾಗಿ ಬರುವವರೆಗೆ ಬಿಡಲಿಲ್ಲ.

ಒರೆಸ್ತೆ ಕೆಲಸದ ಅಂಗಿಯಲ್ಲೇ ಬಂದ, ಎರಡೂ ಕಂಕುಳಲ್ಲಿ ಬಾಟಲಿ. ವೆತ್ಸಿಯೊ ತಲೆ ತಗ್ಗಿಸಿ, ಹೇಳಬೇಕೆಂದೇ ಇದ್ದೆ, ಧೈರ್ಯ ಬರಲಿಲ್ಲ ಎಂದು ಶುರುಮಾಡಿದ.

"ಆಲಿಕೆ ಹಿಡಿ," ಎಂದ ಅಪ್ಪ.

ಮಗ ಆಲಿಕೆ ಹಿಡಿದ. ಅಪ್ಪನೇ ಸುರಿದ. ದಪ್ಪ ದಾರದ ಹಾಗೆ, ಸದ್ದಿಲ್ಲದೆ ಎಣ್ಣೆ ಇಳಿಯಿತು. ಕೊನೆಯ ಹನಿ ಜಾರಿದ ಮೇಲೆ ಅವನು ಬಗ್ಗಿ ಎಂಜಿನ್ನಿನ ಪಕ್ಕೆ ತಟ್ಟಿದ.

"ನನ್ನ ಹೊಟ್ಟೇಲಿ ಇದು ತುಂಬ ಹೊತ್ತು ನಿಲ್ಲಲಿಲ್ಲ," ಎಂದ. "ನೀನಾದ್ರೂ ಮೇಲಿನವರೆಗೆ ಹಿಡ್ಕೋ."

ವೆತ್ಸಿಯೊ ನಗಬೇಕೋ ಬೇಡವೋ ತಿಳಿಯದೆ ಅಕ್ಕನನ್ನು ನೋಡಿದ. ಅವಳು ನಕ್ಕಳು. ಕಣ್ಣಲ್ಲಿ ನೀರಿತ್ತು.

ಅವನ ಸರದಿ ಬಂದಾಗ ಅಪ್ಪ ಮಗಳು ದ್ರಾಕ್ಷಿ ತೋಟದ ಬದುವಿನ ಮೇಲೆ ನಿಂತಿದ್ದರು. ಅಲ್ಲಿಂದ ರಸ್ತೆ ಗುಡ್ಡದ ಮೈಮೇಲೆ ಮಡಿಕೆ ಮಡಿಕೆಯಾಗಿ ಕಾಣುತ್ತಿತ್ತು. ಮೊದಲು ಬಂದದ್ದು ಸದ್ದು. ಸೆಣಬಿನ ಹೊಸ ಬಟ್ಟೆಯ ಥಾನನ್ನು ಯಾರೋ ಒಂದೇ ಉಸಿರಿಗೆ ಕೊನೆಯವರೆಗೂ ಹರಿದ ಹಾಗೆ. ಕೆಳಗಿನ ತಿರುವಿನಲ್ಲಿ ಸದ್ದು ಕುಗ್ಗಿತು. ಮತ್ತೆ ಎದ್ದಿತು, ಮೊದಲಿಗಿಂತ ಎತ್ತರಕ್ಕೆ, ಇನ್ನು ಏರಲು ಜಾಗವಿಲ್ಲ ಎನ್ನುವಲ್ಲಿಂದಲೂ ಮೇಲಕ್ಕೆ. ಎರಡು ಪೆಟ್ಟಿಗೆ ಹಣ್ಣಿಗೆ ಏದುಸಿರು ಬಿಡುತ್ತಿದ್ದ ಆ ಕಬ್ಬಿಣದೊಳಗೆ ಈ ದನಿ ಅಷ್ಟು ದಿನವೂ ಇತ್ತೆ, ತಮ್ಮ ಅದನ್ನು ಬರೀ ಬಿಡಿಸಿದನೆ ಎಂದು ಅವಳಿಗೆ ಬೆರಗಾಯಿತು. ವೆತ್ಸಿಯೊ ಟ್ಯಾಂಕಿನ ಮೇಲೆ ಮೈಚೆಲ್ಲಿ, ಮೊಣಕಾಲು ಬಂಡೆಗೆ ತಾಗುವಷ್ಟು ವಾಲಿ ಅವರ ಮುಂದೆ ಹಾದ. ಬಳ್ಳಿಗಳ ಎಲೆಗಳೆಲ್ಲ ಒಮ್ಮೆಲೇ ಮಗುಚಿದವು.

ಆಮೇಲೆ ವಾಸನೆ ಬಂತು. ಬಿಸಿಯಾದ, ಸಿಹಿಯಾದ, ಸುಟ್ಟ ಸಕ್ಕರೆಯಂಥದು. ಅವಳು ಅಪ್ಪನ ಕಡೆ ತಿರುಗಿದಳು. ಒರೆಸ್ತೆ ಟೋಪಿ ತೆಗೆದು ಎದೆಗೆ ಹಿಡಿದುಕೊಂಡಿದ್ದ. ಬಾಯಿ ಸ್ವಲ್ಪ ತೆರೆದಿತ್ತು. ಆ ವಾಸನೆಯನ್ನು ಅವನು ಮೂಗಿನ ತುಂಬ ಎಳೆದುಕೊಳ್ಳುತ್ತಿದ್ದ.

"ಸುಟ್ರೆ ಇದು ಹೀಗಿರುತ್ತಾ?" ಎಂದ, ತನಗೇ ಎಂಬಂತೆ.

ಮೇಲಿನ ಗುರಿಯಲ್ಲಿ ಸದ್ದು ನಿಂತು, ಜನರ ಕೂಗು ಕೇಳುವವರೆಗೆ ಇಬ್ಬರೂ ಅಲುಗಲಿಲ್ಲ. ಫಾಯೆಂಜಾ ಪಟ್ಟಣದ ಒಬ್ಬ ಕಾರ್ಖಾನೆ ಹುಡುಗ ಗೆದ್ದ. ವೆತ್ಸಿಯೊ ಎರಡನೆಯವನಾದ.

ಮನೆಗೆ ಬಂದವನೇ ಅವನು ಬಿಸಿ ಆರುವ ಮೊದಲೇ ಎಣ್ಣೆ ಇಳಿಸಿ, ಎಂಜಿನ್ನಿನ ತಲೆ ಬಿಚ್ಚಿ ಪಿಸ್ಟನ್ ಹೊರತೆಗೆದ. ಪಿಸ್ಟನ್ನಿನ ನೆತ್ತಿಯ ಮೇಲೆ ಕೂದಲೆಳೆಯಷ್ಟು ತೆಳ್ಳಗೆ ಒಂದು ಬಿರುಕು ಓಡಿತ್ತು. ಇನ್ನೊಂದು ಸಲ ಏರಿದ್ದರೆ ಏನಾಗುತ್ತಿತ್ತೆಂದು ದೆರ್ನಾ ಕೇಳಿದಳು. ಚೂರಾಗ್ತಿತ್ತು ಎಂದು ಅವನು ಮೆಲ್ಲಗೆ ಹೇಳಿ, ಗೂಡಿನಿಂದ ಬಿದ್ದ ಮರಿಯನ್ನು ಹಿಡಿದಂತೆ ಪಿಸ್ಟನ್ನನ್ನು ಅಂಗೈಯಲ್ಲಿ ಹಿಡಿದ. ಅಷ್ಟು ಬಲ ಕೊಟ್ಟ ಲೋಹ ಈ ಪೆಟ್ಟು ತಿಂದೂ ಮೇಲಿನವರೆಗೆ ತಡೆದಿತ್ತು. ಒರೆಸ್ತೆ ಕನ್ನಡಕ ಹಾಕಿಕೊಂಡು ಬಹಳ ಹೊತ್ತು ಅದನ್ನು ನೋಡಿದ. ಆಮೇಲೆ ಕೈ ತೊಳೆದು, ಕೋಟು ಹಾಕಿಕೊಂಡು, ಜೊತೆಗೆ ಬಾ ಎಂದು ಮಗಳನ್ನು ಕರೆದ.

ಜಾವುಲಿ ಅಂಗಡಿಯ ಬಾಗಿಲು ಹಾಕುವುದರಲ್ಲಿದ್ದ. ಬಿಳಿ ಕೋಟಿನ ಮುದುಕ, ಒರೆಸ್ತೆಯ ವಯಸ್ಸಿನವನೇ. ಒರೆಸ್ತೆ ಹಲಗೆಯ ಮೇಲೆ ನೋಟು ಇಟ್ಟ.

"ಆಗ್ಲೇ ಹೇಳಿದ್ನಲ್ಲ ಒರೆಸ್ತೆ, ದುಡ್ಡೇನೂ ಬೇಡ," ಎಂದ ಜಾವುಲಿ. "ನಿನ್ನ ಮಗ ಚೆನ್ನಾಗಿ ಓಡಿಸಿದ. ನನ್ನ ಕಡೆಯಿಂದ ಅಂತ ಇರ್ಲಿ."

"ಆ ವರ್ಷ ಕರಿಯಂಗಿಯವರ ಹತ್ರಾನೂ ಈ ಎಣ್ಣೆಗೆ ನೀವು ದುಡ್ಡು ತಗೊಳ್ಳಲಿಲ್ಲ, ಡಾಕ್ಟರೇ."

ಜಾವುಲಿಯ ಕೈ ನೋಟಿನ ಹತ್ತಿರ ಬಂದು ಅಲ್ಲೇ ನಿಂತಿತು. ಹಿಂದಿನ ಕಪಾಟಿನ ಬಾಟಲಿಗಳ ಸಾಲಿನಲ್ಲಿ ಎರಡು ಜಾಗ ಖಾಲಿಯಿದ್ದವು. ಒರೆಸ್ತೆ ಕಾದ. ಕೊನೆಗೆ ಜಾವುಲಿ ಗಲ್ಲಾ ಎಳೆದು, ನೋಟು ಒಳಗಿಟ್ಟು, ಚಿಲ್ಲರೆಯನ್ನು ಹಲಗೆಯ ಮೇಲೆ ಸರಿಸಿದ.

ಒರೆಸ್ತೆ ಚಿಲ್ಲರೆಯನ್ನು ಬಳಿದು ಜೇಬಿಗೆ ಹಾಕಿಕೊಂಡ.

"ಇವತ್ತಿನ ಎಣ್ಣೇದು ತೀರ್ತು," ಎಂದ. "ಇವತ್ತಿನದು ಮಾತ್ರ."